ಪಡಸಾಲೆಯ ಸಮುದ್ರಕ್ಕೆ ಕುಬಸ

ನನ್ನ ಕ್ಯಾಮೆರಾ ಚೀಲದ ಒಳಕಿಸೆಯಲ್ಲಿ ಅಂಗೈಯಗಲದ ಒಂದು ಹಳದಿ ಹಾಳೆಯಿದೆ. ಕರದಂಟಿನ ಪೊಟ್ಟಣದ ಮೇಲೆ ಸುತ್ತಿರುತ್ತಾರಲ್ಲ, ಮುಟ್ಟಿದರೆ ಚರಪರ ಸದ್ದು ಮಾಡುವ, ಆಚೆಯದು ಈಚೆ ಕಾಣುವ ಹಾಳೆ, ಅದೇ. ಮೊನ್ನೆ ಧಾರವಾಡದ ಖಾನಾವಳಿಯೊಂದರಲ್ಲಿ ಗೆಳತಿಯೊಬ್ಬಳು ಪೆನ್ನಿಗಾಗಿ ನನ್ನ ಚೀಲ ತಡಕಾಡಿ ಇದನ್ನು ಹೊರತೆಗೆದಳು. ಸಿಹಿ ತಿಂದು ಕಾಗದ ಕೂಡಿಡುವ ನನ್ನ ಸ್ವಭಾವವನ್ನು ನಾಲ್ಕು ಮಾತಿನಲ್ಲಿ ಖಂಡಿಸಿ, ಕಸದ ಬುಟ್ಟಿಯ ಕಡೆಗೆ ಕೈ ಚಾಚಿದಳು. ನಾನು ಚೀರಿದ ರಭಸಕ್ಕೆ ಸುತ್ತಲಿನವರೆಲ್ಲ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಆ ಹಾಳೆಯ ಮೂಲಕ ನಾನು ಸಮುದ್ರದ ತಳ ನೋಡಿದ್ದೇನೆ ಎಂದು ಅವಳಿಗೆ ಹೇಗೆ ಹೇಳುವುದು? ಅದೂ ಬೈಲಹೊಂಗಲದಲ್ಲಿ?

ನಿಮಗಾದರೂ ಸಾವಕಾಶವಾಗಿ ಹೇಳುತ್ತೇನೆ. ಬೈಲಹೊಂಗಲದ ಸಮುದ್ರಕ್ಕೆ ದಾರಿ ಬಹಳ ಸುಲಭ. ಬಸ್ ನಿಲ್ದಾಣದಿಂದ ಹತ್ತಿಯ ಅಡತಿ ಅಂಗಡಿಗಳ ಸಾಲು ಹಿಡಿದು ಬಂದರೆ ಪಂಪು ಮತ್ತು ಪೈಪು ಮಾರುವ ನಮ್ಮ ಕಾಕಾನ, ಅಂದರೆ ಚಿಕ್ಕಪ್ಪನ, ಅಂಗಡಿ ಸಿಗುತ್ತದೆ. ಅಂಗಡಿಯ ಹಿಂದೆ ಮನೆ. ಮನೆಯ ಪಡಸಾಲೆಯಲ್ಲಿ, ಮೊದಲು ಜೋಳದ ಚೀಲ ಒಟ್ಟುತ್ತಿದ್ದ ಗೋಡೆಗೆ ಒತ್ತಿ, ಒಬ್ಬ ಆಳು ಕೈಕಾಲು ಚಾಚಿ ಮಲಗಬಹುದಾದಷ್ಟು ಉದ್ದದ ಗಾಜಿನ ತೊಟ್ಟಿ. ಅದರೊಳಗೆ ಉಪ್ಪುನೀರು, ನೀರಿನೊಳಗೆ ಬಂಡೆ, ಬಂಡೆಯ ಮೇಲೆ ಹವಳ. ಹವಳವೆಂದರೆ ಉಂಗುರದಲ್ಲಿ ಕೂಡಿಸುವ ಕೆಂಪು ಹರಳೆಂದು ತಿಳಿಯಬೇಡಿ. ಇದು ಜೀವಂತ ಹವಳ: ಹೂವಿನಂತೆ ಅರಳುತ್ತದೆ, ಪ್ರಾಣಿಯಂತೆ ಉಣ್ಣುತ್ತದೆ, ಮನಸ್ಸಿಗೆ ಬಾರದ್ದು ಏನಾದರೂ ನಡೆದರೆ ಹಿರಿಯ ಅಳಿಯನಂತೆ ಮುಖ ಮುಚ್ಚಿಕೊಂಡು ಕೂಡುತ್ತದೆ.

ಕಾಕಾನಿಗೆ ಈ ಹುಚ್ಚಿನ ಬೀಜ ಬಿದ್ದದ್ದು ಕಿತ್ತೂರಿನಲ್ಲಿ ಎಂಬುದು ನನ್ನ ವಾದ. ನಾನು ಸಣ್ಣವಳಿದ್ದಾಗ ಅವರು ನಮ್ಮನ್ನೆಲ್ಲ ಕೋಟೆ ತೋರಿಸಲು ಕರೆದೊಯ್ದಿದ್ದರು. ಬಂದವರೆಲ್ಲ ಬುರುಜು ನೋಡುತ್ತ ಎದೆಯುಬ್ಬಿಸುತ್ತಿದ್ದರೆ, ನಮ್ಮ ಕಾಕಾ ಪಾಳುಬಿದ್ದ ಅರಮನೆಯ ಸ್ನಾನದ ತೊಟ್ಟಿಯ ಮುಂದೆ ಮಂಡಿಯೂರಿ ಕುಳಿತುಬಿಟ್ಟರು. "ನೋಡ್ರಿಲ್ಲೆ, ನೀರು ಹೆಂಗ ತಿರುಗಿಸ್ಯಾರ! ಆಗಿನ ಮಂದಿ ಕೆಲಸ ಅಂದ್ರ ಕೆಲಸ. ಒಂದು ಬೆಂಡ್ ಸೈತ ಸೋರಿರಾಕಿಲ್ಲ," ಎಂದು ಕಲ್ಲಿನ ಸಂದನ್ನು ಬೆರಳಿನಿಂದ ಸವರಿದರು. ಕೋಟೆಯಿಂದ ಅವರು ಮನೆಗೆ ತಂದದ್ದು ಆ ತೊಟ್ಟಿಯ ಕನಸು.

ಅದೇ ಮಧ್ಯಾಹ್ನ ನಾನು ಮನೆಗೆ ತಂದದ್ದು ಒಂದು ಅಡ್ಡಹೆಸರು. ಗೋಡೆಗಳು ಹೀಗೇಕೆ ಮುರಿದಿವೆ ಎಂದು ಕೇಳಿದೆ. ಬ್ರಿಟಿಷರು ಕೆಡವಿದರೆಂದು ಕಾಕಾ ಹೇಳಿದರು.

"ಅವರೊಳಗ ಯಾರು? ಹೆಸರು ಹೇಳ್ರಿ."

"ಯಾರೋ ಒಬ್ಬಾಂವ. ಹೋಗ್ಲಿ ಬಿಡವಾ, ಎಲ್ಲಾರೂ ಸತ್ತು ಮಣ್ಣಾಗ್ಯಾರ."

"ಸತ್ತರ ಬಿಟ್ಟಬಿಡೂದೇನು?"

ಬುತ್ತಿ ಬಿಚ್ಚುತ್ತಿದ್ದ ನಮ್ಮ ಆಯಿ, ಅಂದರೆ ಕಾಕಾನ ತಾಯಿ, ಕೈ ತಡೆದು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಇದೊಂದು ಚೌಕಶಿ ಹುಟ್ಟೇತಿ ನಮ್ಮ ಮನ್ಯಾಗ," ಎಂದಳು. ವಿಚಾರಣೆಗೆ ನಮ್ಮ ಕಡೆ ಚೌಕಶಿ ಎನ್ನುತ್ತಾರೆ. ಅಂದಿನಿಂದ ನಾನು ಚೌಕಶಿಯೇ. ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗಿ ನಾನು ಕಲಿತದ್ದು ಇಷ್ಟೇ: ಅದೇ ಪ್ರಶ್ನೆಯನ್ನು ಇನ್ನಷ್ಟು ಉದ್ದವಾದ ವಾಕ್ಯದಲ್ಲಿ, ಕ್ರಿಯಾಪದವನ್ನು ಕೊನೆಯವರೆಗೆ ಬಚ್ಚಿಟ್ಟು ಕೇಳುವುದು. ಈಗ ಅದೇ ನನ್ನ ಬರವಣಿಗೆಯ ಕಸುಬು. ರಸ್ತೆ ಕುಸಿದರೆ, ಕೆರೆ ಒತ್ತುವರಿಯಾದರೆ, ಕರೆಂಟು ಹೋದರೆ, ಯಾರು ಹೊಣೆಯೆಂದು ಕೇಳುತ್ತ ಕಚೇರಿಯಿಂದ ಕಚೇರಿಗೆ ತಿರುಗುತ್ತೇನೆ. ಉತ್ತರ ಸಿಕ್ಕಿತೇ ಎಂದು ನೀವು ಕೇಳುವ ಮೊದಲೇ ಹವಳಕ್ಕೆ ಮರಳುತ್ತೇನೆ.

ಹವಳದ ಮೊದಲ ತುಂಡುಗಳು ಮನೆಗೆ ಬಂದ ದಿನ ನಾನು ಹೊಸ್ತಿಲಲ್ಲಿ ಅಡ್ಡ ನಿಂತಿದ್ದೆ. ಕಡಲಿನ ನೀರು ಕಾದು ಹವಳದ ದಿಬ್ಬಗಳು ಬೆಳ್ಳಗೆ ಬಿಳಿಚಿಕೊಳ್ಳುತ್ತಿರುವ ಕಾಲದಲ್ಲಿ, ಪಡಸಾಲೆಯ ಶೋಕಿಗಾಗಿ ಅವನ್ನು ಕಿತ್ತು ತರುವುದೆಂದರೇನು? ಅಳಿದುಳಿದ ಅರಮನೆಯ ಕಲ್ಲು ಕಿತ್ತು ಕಟ್ಟೆ ಕಟ್ಟಿಸಿದಂತಲ್ಲವೇ?

"ಇವನ್ನ ಯಾವ ಸಮುದ್ರದಿಂದ ಕಿತ್ತು ತಂದೀರಿ, ಕಾಕಾ?"

"ಕಿತ್ತಿಲ್ಲ ನನ್ನವ್ವಾ, ಕಿತ್ತಿಲ್ಲ! ಹುಬ್ಬಳ್ಳ್ಯಾಗ ನನ್ನ ಗೆಳ್ಯಾ ಒಬ್ಬಾಂವ ಅದಾನ, ಅವನ ತೊಟ್ಟ್ಯಾಗ ಬೆಳದಿದ್ದು. ಕತ್ತರಿಸಿ ತುಂಡು ಕೊಟ್ಟಾನ. ಕಬ್ಬಿನ ಗಣಿಕಿ ಕಡದು ನಡೂದಿಲ್ಲೇನು? ಹಂಗಽ. ಬೇಕಂದ್ರ ಅವಗ ಫೋನ್ ಹಚ್ಚಿ ಕೊಡ್ತೇನಿ, ಅವನ್ನೂ ಚೌಕಶಿ ಮಾಡು."

ಮಾಡಿದೆ. ಆತನ ತಾಯಿಹವಳದ ಕುಲಗೋತ್ರ ಬಿಚ್ಚಿಸಿದೆ. ತೊಟ್ಟಿಯಿಂದ ತೊಟ್ಟಿಗೆ, ಮನೆಯಿಂದ ಮನೆಗೆ ಬೆಳೆದು ಬಂದ ಮೆದು ಹವಳಗಳೇ ಅವು ಎಂದು ಖಾತ್ರಿಯಾದ ಮೇಲೆಯೇ ಹೊಸ್ತಿಲು ಬಿಟ್ಟುಕೊಟ್ಟೆ. ಕಾಕಾ ಗೆಳೆಯನ ತೊಟ್ಟಿಯ ತಳದ ಮರಳನ್ನೂ ಒಂದು ಬೊಗಸೆ ತಂದಿದ್ದರು. ಹಳೆಯ ಮರಳಿನ ಕಣ್ಣಿಗೆ ಕಾಣದ ಜೀವಾಣುಗಳು ಹೊಸ ನೀರಿನಲ್ಲಿ ಹಬ್ಬಿದರೆ ಮಾತ್ರ ತೊಟ್ಟಿ ಹಿಡಿಯುತ್ತದೆಯಂತೆ. ಅದನ್ನು ಅರ್ಧ ಗಂಟೆ ವಿವರಿಸಲು ಅವರು ಸಜ್ಜಾಗಿದ್ದರು. ಆಯಿ ಮೊದಲ ವಾಕ್ಯಕ್ಕೇ ಕೈಯೆತ್ತಿದಳು. "ತಿಳೀತು ಬಿಡಪಾ. ಹೆಪ್ಪು ಇಸ್ಕೊಂಡು ಬಂದಿ. ಹಾಲು ಬೆಚ್ಚಗ ಐತಿಲ್ಲೋ ಮೊದಲ ನೋಡು."

ಆಯಿಯ ದೊಡ್ಡ ತಕರಾರು ಇದ್ದದ್ದು ಮೀನಿನ ಬಗ್ಗೆ. ಮುಂಜಾನೆ ಎದ್ದು ಲಿಂಗಪೂಜೆ ಮಾಡುವ ಮನೆ ನಮ್ಮದು. ಮೀನಿನ ಸುದ್ದಿ ನಮ್ಮ ಓಣಿಯಲ್ಲಿ ಪಿಸುಮಾತಿಗೆ ಮಾತ್ರ ಸಲ್ಲುವಂಥದ್ದು. ಆದರೆ ಕಾಕಾ ತಂದು ಬಿಟ್ಟ ಜೋಡಿ ಮೀನುಗಳನ್ನು ಆಯಿ ಗಾಜಿಗೆ ಕಣ್ಣು ಹಚ್ಚಿ ನೋಡಿದಳು. ಕಿತ್ತಳೆ ಮೈ. ಮೈಮೇಲೆ ತಲೆಗೊಂದು, ನಡುವಿಗೊಂದು, ಬಾಲಕ್ಕೊಂದು, ಅಳೆದು ಎಳೆದಂತೆ, ಮೂರು ಬಿಳಿ ಪಟ್ಟೆ.

"ಏ, ಇವು ವಿಭೂತಿ ಹಚ್ಚಕೊಂಡಾವಲ್ಲೋ! ಮೂರೂ ಎಳಿ ಸರಿಯಾಗಿ ಎಳಕೊಂಡಾವ. ನಮ್ಮ ಮಂದಿನಽ ಇವು."

ಅಲ್ಲಿಗೆ ಪ್ರವೇಶ ಮಂಜೂರಾಯಿತು. ವಿಭೂತಿಧಾರಿಗಳು ಸಿಗಡಿ ತಿನ್ನುತ್ತವೆಂಬ ಸತ್ಯ ಆಮೇಲೆ ಬಯಲಾಗಿ ಮನೆಯಲ್ಲಿ ಒಂದು ವಾರ ಮೌನ ಕವಿದದ್ದೂ, ಸಿಗಡಿಯ ಪೊಟ್ಟಣಕ್ಕೆಂದೇ ಕಾಕಾ ಅಂಗಡಿಯಲ್ಲಿ ಪಂಪುಗಳ ನಡುವೆ ಬೇರೊಂದು ಫ್ರಿಜ್ ಇಟ್ಟದ್ದೂ ಉಪಕಥೆ. ಆಯಿ ಮೀನುಗಳಿಗೆ ಹೆಸರನ್ನೂ ಇಟ್ಟಳು. ದೊಡ್ಡದು, ಹೆಣ್ಣು, ತೊಟ್ಟಿಯ ತುಂಬ ದರ್ಬಾರು ನಡೆಸುವಂಥದ್ದು: ಗೌಡ್ತಿ. ಅದರ ಅರ್ಧದಷ್ಟಿದ್ದು ಸದಾ ಅದರ ಹಿಂದೆ ಸುತ್ತುವ ಗಂಡು: ಬಡಪಾಯಿ.

ಫೋಟೋ ತೆಗೆಯುವುದು ನನ್ನ ಪಾಲಿಗೆ ಬಂತು. ಸಂಜೆಯಾದೊಡನೆ ತೊಟ್ಟಿಯ ಬಿಳಿ ದೀಪಗಳು ತಾವಾಗಿಯೇ ಆರಿ ನೀಲಿ ದೀಪ ಹತ್ತುತ್ತವೆ. ಆ ನೀಲಿಯಲ್ಲಿ ಹವಳ ತನ್ನೊಳಗಿನಿಂದಲೇ ಹೊಳೆಯುತ್ತದೆ: ಗಿಳಿಹಸಿರು, ಕುಸುಬಿ ಹೂವಿನ ಕಿತ್ತಳೆ, ಹೆಸರಿಲ್ಲದ ಒಂದು ಗುಲಾಬಿ. ಕಣ್ಣು ಕುಣಿಯುತ್ತದೆ, ಕ್ಯಾಮೆರಾ ಕಂಗೆಡುತ್ತದೆ. ನಾನು ತೆಗೆದ ಮೊದಲ ನೂರಾರು ಚಿತ್ರಗಳಲ್ಲಿ ಕಾಣುತ್ತಿದ್ದುದು ಒಂದೇ: ಶಾಯಿಯ ದೌತಿ ಚೆಲ್ಲಿದ ದೃಶ್ಯ. ಲೆನ್ಸಿನ ಮುಂದೆ ಹಳದಿ ಗಾಜು ಹಿಡಿಯಬೇಕೆಂದು ಹುಬ್ಬಳ್ಳಿಯ ಗೆಳೆಯ ಹೇಳಿಕೊಟ್ಟ. ಹಳದಿ ಗಾಜು ಎಲ್ಲಿಂದ ತರುವುದು? ಕಾಕು, ಅಂದರೆ ಕಾಕಾನ ಹೆಂಡತಿ, ಬಾಯಲ್ಲಿ ಕರದಂಟು ಅಗಿಯುತ್ತಲೇ ಪೊಟ್ಟಣದ ಹಾಳೆಯನ್ನು ನನ್ನ ಮುಂದೆ ಹಿಡಿದಳು. ಅದರ ಮೂಲಕ ನೋಡಿದೆ. ಆಹಾ! ನೀಲಿಯ ಪರದೆ ಸರಿದು ಪ್ರತಿ ಹವಳವೂ ತನ್ನ ಬಣ್ಣದೊಂದಿಗೆ ಮುಂದೆ ಬಂದು ನಿಂತಿತು. ನಾನು ಕಾಕುವನ್ನು ಎತ್ತಿ ತಿರುಗಿಸಿದೆ. ಕರದಂಟು ಆಕೆಯ ಗಂಟಲಿಗೆ ಸಿಕ್ಕಿತು.

ಅಂದಿನಿಂದ ಪ್ರತಿ ಸಂಜೆ ಒಂದು ವಿಧಿ. ಗಾಜು ಒರೆಸಬೇಕು. ನೀರು ಅಲುಗಾಡಿಸುವ ಪಂಪು ಕೊಂಚ ಹೊತ್ತು ನಿಲ್ಲಿಸಬೇಕು. ಪಡಸಾಲೆಯ ದೀಪ ಆರಿಸಬೇಕು. ಗಾಜಿನಲ್ಲಿ ನನ್ನದೇ ಮುಖ ಮೂಡಬಾರದೆಂದು ಆಯಿಯ ಕಪ್ಪು ಚಂದ್ರಕಾಳಿ ಸೀರೆಯನ್ನು ತಲೆಯಿಂದ ಕ್ಯಾಮೆರಾದವರೆಗೆ ಹೊದ್ದುಕೊಳ್ಳಬೇಕು. ಹೀಗೆ ಹೊದ್ದು ಬಗ್ಗಿ ನಿಂತಿದ್ದಾಗ ಜೋಳದ ಹಿಟ್ಟು ಕೊಡಲು ಬಂದ ನೆರೆಮನೆಯಾಕೆ ನನ್ನನ್ನು ಕಂಡು ಹಿಟ್ಟಿನ ಡಬ್ಬಿ ಬಿಟ್ಟು ಓಡಿಹೋದದ್ದುಂಟು.

ತೊಟ್ಟಿಯ ಕಾನೂನುಗಳನ್ನು ಬರೆದವರು ಕಾಕಾ. ಸೋಪು ಹಚ್ಚಿದ ಕೈ ನೀರಿಗೆ ಬೀಳಕೂಡದು. ಎಣ್ಣೆ ಹಚ್ಚಿದ ಕೈಯೂ ಕೂಡದು. ಪಡಸಾಲೆಯಲ್ಲಿ ಊದಿನಕಡ್ಡಿ ನಿಷಿದ್ಧ. ಅಡುಗೆಮನೆಯ ಒಗ್ಗರಣೆಯ ಹೊಗೆಗೂ ದಾರಿ ಬೇರೆ. "ಇದು ಸಮುದ್ರ, ಗುಡಿ ಹೊಂಡ ಅಲ್ಲ," ಎಂದು ದಿನಕ್ಕೊಮ್ಮೆಯಾದರೂ ಗರ್ಜಿಸುತ್ತಿದ್ದರು. ಈ ಮಾತನ್ನು ದಯವಿಟ್ಟು ನೆನಪಿಡಿ.

ಗೌಡ್ತಿಯ ಹೊಟ್ಟೆ ಉಬ್ಬಿದ್ದು ಈ ಬೇಸಿಗೆಗೆ ಮುಂಚೆ. ತತ್ತಿ ಇಡಲೆಂದು ಕಾಕಾ ಹವಳದ ಪಕ್ಕ ಒಂದು ಹಂಚಿನ ಚೂರು ಒರಗಿಸಿದ್ದರು. ಬಡಪಾಯಿ ಹಗಲಿಡೀ ಆ ಹಂಚನ್ನು ಬಾಯಿಂದ ಉಜ್ಜಿ ಉಜ್ಜಿ ಸಾರಿಸಿದಂತೆ ಇಟ್ಟಿತ್ತು. ಅದೇ ಹೊತ್ತಿಗೆ ನೇಕಾರರ ಕುರಿತ ಬರಹವೊಂದಕ್ಕಾಗಿ ನಾನು ರಾಮದುರ್ಗಕ್ಕೆ ಹೋಗಬೇಕಾಯಿತು. ಹೋಗುವ ಮುನ್ನ ಪಡಸಾಲೆಯ ಮೂಲೆಯಲ್ಲಿ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಗಾಗ ತಾನೇ ಒಂದೊಂದು ಚಿತ್ರ ತೆಗೆಯುವಂತೆ ಹೊಂದಿಸಿ ಹೋದೆ. ಹವಳ ಅರಳುವ ಪರಿಯನ್ನು ಮೊದಲಿನಿಂದ ಕೊನೆಯವರೆಗೆ ಹಿಡಿಯಬೇಕೆಂಬುದು ನನ್ನ ಆಸೆ. ಕ್ಯಾಮೆರಾದ ಮೇಲೆ ಕೂದಲೆಳೆಯಷ್ಟೂ ಧೂಳು ಬೀಳದಿರಲೆಂದು ಚಂದ್ರಕಾಳಿ ಸೀರೆಯನ್ನು ಲೆನ್ಸಿಗೆ ಮಾತ್ರ ಕಿಂಡಿ ಬಿಟ್ಟು ಹೊದಿಸಿದ್ದೆ.

ಕೆಲಸ ಮುಗಿಸಿ ಸವದತ್ತಿಯ ಮೇಲಿನ ಬಸ್ಸಿನಲ್ಲಿ ಬಂದೆ. ಸವದತ್ತಿಯಲ್ಲಿ ಹತ್ತಿದವರೆಲ್ಲರ ಹಣೆಯ ಮೇಲೆ ಎಲ್ಲವ್ವನ ಭಂಡಾರ. ಭಂಡಾರವೆಂದರೆ ದೇವಿಯ ಅರಿಶಿನದ ಪುಡಿ. ಸೀಟು, ಕಂಬಿ, ಕಂಡಕ್ಟರನ ಚೀಲ, ಕಡೆಗೆ ನನ್ನ ತೋಳೂ ಹಳದಿ. ಈ ಹಳದಿ ಊರೂರಿಗೆ ಬಸ್ ಹಿಡಿದು ಹೋಗುತ್ತದಲ್ಲ ಎಂದು ನಗುತ್ತ ಮನೆಯ ಬಾಗಿಲು ದಾಟಿದೆ. ಹಳದಿ ನನಗಿಂತ ಮೊದಲೇ ಬಂದು ಕುಳಿತಿತ್ತು.

ತೊಟ್ಟಿಯ ನೀರು ಹೋಳಿಗೆಯ ದಿನದ ಕಟ್ಟಿನ ಸಾರಿನಂತಾಗಿತ್ತು. ಆ ಸಾರಿನಲ್ಲಿ ಗೌಡ್ತಿ ಮತ್ತು ಬಡಪಾಯಿ ಏನೂ ಆಗಿಲ್ಲವೆಂಬಂತೆ ಸುತ್ತುತ್ತಿದ್ದವು. ನೀರಿನ ಕೊಳೆಯನ್ನು ನೊರೆಯಾಗಿಸಿ ಹೊರಹಾಕುವ ಕೊಳವೆಯೊಂದಿದೆ. ಅದರ ಬಾಯಿಂದ ಹಳದಿ ನೊರೆ, ಹೊಸ ಮನೆಯಲ್ಲಿ ಹಾಲುಕ್ಕಿಸಿದಂತೆ ಉಕ್ಕಿ ಉಕ್ಕಿ ನೆಲಕ್ಕಿಳಿಯುತ್ತಿತ್ತು. ಹವಳಗಳು? ಒಂದೂ ಅರಳಿರಲಿಲ್ಲ. ಎಲ್ಲವೂ ಮುದುಡಿ, ಒದ್ದೆ ಚಿಂದಿಯಂತೆ ಬಂಡೆಗೆ ಅಂಟಿದ್ದವು. ಮುಚ್ಚಿಕೊಂಡ ಹವಳ ಕೆಲ ಕಾಲ ತಾಳುತ್ತದೆ. ಹಾಗೆಯೇ ಉಳಿದರೆ ಕರಗತೊಡಗುತ್ತದೆ. ಒಂದು ಕರಗಿದರೆ ಅದರ ನಂಜು ಪಕ್ಕದ್ದನ್ನು ಕೊಲ್ಲುತ್ತದೆ, ಆಮೇಲೆ ಮೀನನ್ನು. ವರ್ಷಗಟ್ಟಲೆ ಬೆಳೆಸಿದ ಸಮುದ್ರವೊಂದು ನಮ್ಮ ಪಡಸಾಲೆಯಲ್ಲಿ ಉಸಿರು ಬಿಗಿಹಿಡಿದು ಕುಳಿತಿತ್ತು.

ಕಾಕಾ ನೆಲದ ಮೇಲೆ ಕುಳಿತು, ಬಣ್ಣ ಹೀರುವ ಇದ್ದಿಲಿನ ಹರಳುಗಳನ್ನು ಹಳೆಯ ಕಾಲುಚೀಲವೊಂದಕ್ಕೆ ತುಂಬುತ್ತಿದ್ದರು. ನನ್ನನ್ನು ನೋಡಲಿಲ್ಲ.

"ಕಾಕಾ, ಏನಾತ್ರಿ ಇದು?"

"ಏನೋ ತಾಂತ್ರಿಕ ತೊಂದ್ರಿ ಆಗಿರಬೇಕು."

"ತಾಂತ್ರಿಕ ತೊಂದ್ರಿ ಹಳದೀ ಇರತೈತೇನ್ರಿ?"

"ನೋಡೂಣು. ಪರಿಶೀಲನಾ ನಡದೈತಿ."

ಈ ಎರಡು ವಾಕ್ಯಗಳನ್ನು ನಾನು ಎಷ್ಟು ಕಚೇರಿಗಳಲ್ಲಿ, ಎಷ್ಟು ಮೇಜುಗಳ ಆಚೆಯಿಂದ ಕೇಳಿಲ್ಲ! ನನ್ನ ಮನೆಯ ಪಡಸಾಲೆಯಲ್ಲಿ, ನನ್ನದೇ ರಕ್ತಸಂಬಂಧಿಯ ಬಾಯಲ್ಲಿ ಅವನ್ನು ಕೇಳಿದಾಗ ವಿಶ್ವವಿದ್ಯಾಲಯದ ಸಮಸ್ತ ವಿದ್ಯೆಯೂ ನನ್ನ ನಾಲಿಗೆಗೆ ಇಳಿಯಿತು. ಪಡಸಾಲೆಯ ನಟ್ಟನಡುವೆ ನಿಂತು, ಕಾಕು ಅಡುಗೆಮನೆಯಿಂದ ಇಣುಕುತ್ತಿರುವಾಗ, ಧ್ವನಿಯೆತ್ತಿದೆ. "ಒಂದು ಜೀವಲೋಕ ಸಾಯಾಕತ್ತೈತಿ. ಇದಕ್ಕ ಯಾರು ಹೊ..."

"ನಾನಽ."

ಮಂಚದ ಮೇಲೆ ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದ ಆಯಿ ತಲೆಯನ್ನೂ ಎತ್ತಲಿಲ್ಲ. "ನಾನಽ ಹಾಕೇನಿ. ಎಲ್ಲವ್ವನ ಭಂಡಾರ. ಮುಂದ ಕೇಳು."

ಓದುಗರೇ, ನನ್ನ ಅವಸ್ಥೆಯನ್ನು ಊಹಿಸಿಕೊಳ್ಳಿ. ಬರೆಯಲು ಕಲಿತಂದಿನಿಂದ ನಾನು ಈ ಪ್ರಶ್ನೆಯನ್ನು ಕೇಳುತ್ತ ಬಂದಿದ್ದೇನೆ. ನೇರವಾದ ಉತ್ತರ ಸಿಕ್ಕಿದ್ದು ಇದೇ ಮೊದಲು. ಪ್ರಶ್ನೆ ಪೂರ್ತಿಯಾಗುವ ಮುಂಚೆಯೇ ಸಿಕ್ಕಿತ್ತು. ಮುಂದೆ ಏನು ಕೇಳಬೇಕೆಂಬುದನ್ನು ನನಗೆ ಯಾರೂ ಕಲಿಸಿರಲಿಲ್ಲ.

"ಯಾಕ?" ಎಂದೆ, ಸಣ್ಣಗೆ.

"ಕುಬಸ ಮಾಡಿದ್ವಿ."

"ಯಾರಿಗೆ?"

"ಯಾರಿಗಂದ್ರ? ಗೌಡ್ತಿಗೆ! ಹೊಟ್ಟಿ ಮುಂದ ಬಂದೈತಿ, ಕಣ್ಣಿಗೆ ಕಾಣ್ಸೂದಿಲ್ಲೇನು? ಚೊಚ್ಚಲ ಬಸುರಿ. ಬರೇ ಮೈಲೆ ಹೆರಿಗಿಗೆ ಕಳಸತಾರೇನು ಯಾರರ?"

ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ ಆರತಿ ಬೆಳಗುವ ಕುಬಸವನ್ನು ನಮ್ಮ ಸೀಮೆಯಲ್ಲಿ ತಪ್ಪಿಸುವುದಿಲ್ಲ. ಆದರೆ ಮೀನಿಗೆ! ನಗುವುದೋ ಬೈಯುವುದೋ ಎನ್ನುವಷ್ಟರಲ್ಲಿ ನನ್ನ ಕಣ್ಣು ಮೂಲೆಯ ಕಡೆ ಹೊರಳಿತು. ಕ್ಯಾಮೆರಾ! ಕಪ್ಪು ಸೀರೆಯೊಳಗಿಂದ ಒಂಟಿಗಣ್ಣು ಬಿಟ್ಟುಕೊಂಡು ಅದು ಇಡೀ ಕುಬಸವನ್ನು ನೋಡಿತ್ತು. ಅದು ಅಲ್ಲಿದೆಯೆಂಬುದನ್ನು ಎಲ್ಲರೂ ಮರೆತಿದ್ದರು.

ಚಿತ್ರಗಳನ್ನು ಒಂದೊಂದಾಗಿ ಸರಿಸಿದೆ. ತೊಟ್ಟಿಯ ಮುಂದೆ ರಂಗೋಲಿ. ಕಾಕುವಿನ ಕೈಯಲ್ಲಿ ಆರತಿಯ ತಾಟು. ಹಾಡುತ್ತ ಬಾಯಿ ತೆರೆದ ಓಣಿಯ ಹೆಣ್ಣುಮಕ್ಕಳು. ಅವರಲ್ಲಿ ನನ್ನನ್ನು ಕಂಡು ಓಡಿಹೋಗಿದ್ದಾಕೆಯೂ ಇದ್ದಳು. ಮುಂದಿನ ಚಿತ್ರ. ಸ್ಟೂಲಿನ ಮೇಲೊಂದು ಆಕೃತಿ: ಒಂದು ಕೈಯಲ್ಲಿ ತೊಟ್ಟಿಯ ಗಾಜಿನ ಮುಚ್ಚಳವನ್ನು ಎತ್ತಿ ಹಿಡಿದಿದೆ, ಇನ್ನೊಂದು ಕೈಯಲ್ಲಿ ಹವಳ ಹಿಡಿಯುವ ಉದ್ದನೆಯ ಚಿಮಟ, ಚಿಮಟದ ತುದಿಯಲ್ಲಿ ಒಂದು ಹಸಿರು ಗಾಜಿನ ಬಳೆ. ಅದಕ್ಕೂ ಹಿಂದಿನ ಚಿತ್ರದಲ್ಲಿ ಅದೇ ಆಕೃತಿ ಆ ಬಳೆಯನ್ನು ಶುದ್ಧ ನೀರಿನಲ್ಲಿ ಬಹಳ ಶ್ರದ್ಧೆಯಿಂದ ತೊಳೆಯುತ್ತಿತ್ತು.

"ಕಾಕಾ," ಎಂದೆ. "ನಿಮ್ಮ ತಾಂತ್ರಿಕ ತೊಂದ್ರಿ ಸ್ಟೂಲ್ ಮ್ಯಾಲೆ ನಿಂತೈತಲ್ರಿ!"

ಅಡುಗೆಮನೆಯಲ್ಲಿ ಕಾಕು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕಾಕಾನ ಕೈಯಿಂದ ಕಾಲುಚೀಲ ಜಾರಿ ಇದ್ದಿಲು ಪಡಸಾಲೆಯ ತುಂಬ ಉರುಳಿತು.

"ಬಳಿ ನಾ ಹಾಕಿದ್ದು, ಖರೇ," ಎಂದರು ಕಡೆಗೆ. "ಅಕ್ಕಿ ಹಾಕಬ್ಯಾಡ್ರಿ ಅಂದೆ, ಬಿಟ್ರು. ಬೆಲ್ಲ ಬ್ಯಾಡ್ರಿ ಅಂದೆ, ಬಿಟ್ರು. ಭಂಡಾರ ಒಂದ ಚಿಟಿಕಿ ಅಂದ್ಲು ಅವ್ವ. ಹೂಂ ಅಂದೆ. ಅವ್ವನ ಚಿಟಿಕಿ ಎಷ್ಟಿರತೈತಿ ಅಂತ ನನಗ ಗೊತ್ತಿರಬೇಕಾಗಿತ್ತು."

"ಇದು ಸಮುದ್ರ, ಗುಡಿ ಹೊಂಡ ಅಲ್ಲ ಅಂತಿದ್ರಿ?"

"ಅಂತಿದ್ದೆ," ಎಂದರು. ತಲೆ ತಗ್ಗಿಸಿದರು.

ಆಗ ಆಯಿ ಬತ್ತಿಯನ್ನು ಕೆಳಗಿಟ್ಟಳು. "ಅವನ್ನೇನ್ ಬೈತಿ? ನನ್ನ ಕೇಳು, ಹೇಳ್ತೇನಿ. ಈ ಮನ್ಯಾಗ ಕಡೀ ಕುಬಸ ಆಗಿದ್ದು ನೀ ಹೊಟ್ಟ್ಯಾಗಿದ್ದ ವರ್ಷ. ಹಸಿರು ಸೀರಿ ಅವತ್ತ ಪೆಟ್ಟಗ್ಯಾಗ ಹ್ವಾದದ್ದು ಹೊರಗ ಬಂದಿಲ್ಲ. ನಿನ್ನ ಮುಂದ ಲಗ್ನದ ಸುದ್ದಿ ತಗದ್ರ ಹುಡುಗನ್ನ ಬಿಟ್ಟು ಅವರಪ್ಪನ್ನೂ ಚೌಕಶಿ ಮಾಡ್ತಿ. ಮೊನ್ನಿ ನೇಸರಗ್ಯಾಗಿಂದ ಬಂದಾವ್ರು ಚಾ ಸೈತ ಕುಡೀಲಿಲ್ಲ, ಎದ್ದ ಹ್ವಾದ್ರು. ಮತ್ತ ಯಾರಿಗೆ ಮಾಡೂದು ಕುಬಸ? ಬಸುರಿ ಆದದ್ದು ಗೌಡ್ತಿ ಒಬ್ಬಾಕಿ. ಈಗ ನೀ ಹೇಳು ನನ್ನವ್ವಾ, ಯಾರು ಹೊಣಿ?"

ನ್ಯಾಯಾಲಯ ಹೀಗೆ ತಿರುಗಿ ಕುಳಿತುಕೊಳ್ಳುತ್ತದೆಂದು ನಾನು ಎಲ್ಲಿಯೂ ಓದಿರಲಿಲ್ಲ. ಪುಣ್ಯಕ್ಕೆ ಅಷ್ಟರಲ್ಲಿ ಸಂಜೆಯಾಗಿತ್ತು. ತೊಟ್ಟಿಯ ಬಿಳಿ ದೀಪ ಆರಿತು, ನೀಲಿ ಹತ್ತಿತು.

ಮುಂದೆ ನಡೆದದ್ದನ್ನು ಎಷ್ಟು ಸಲ ಹೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ. ನೀರು ಹಸಿರಾಯಿತು. ಬರಿಯ ಹಸಿರಲ್ಲ, ಹೊಳೆಯುವ ಹಸಿರು. ಮೊದಲ ಮಳೆ ಬಿದ್ದ ಹೊಲಕ್ಕೆ ಒಳಗಿನಿಂದ ದೀಪ ಹಚ್ಚಿದಂತೆ. ಗೋಡೆ ಹಸಿರು, ಜಂತಿ ಹಸಿರು, ಇದ್ದಿಲು ಹೆಕ್ಕುತ್ತಿದ್ದ ಕಾಕಾನ ಬೋಳುತಲೆ ಹಸಿರು. ನೀಲಿ ಬೆಳಕು ಬಿದ್ದರೆ ಅರಿಶಿನ ಹೀಗೆ ಹೊಳೆಯುವುದು ಅದರ ಗುಣವೆಂದು ಆಮೇಲೆ ಓದಿ ತಿಳಿದೆ. ಆ ಕ್ಷಣದಲ್ಲಿ ನಮಗೆ ಯಾರಿಗೂ ಏನೂ ತಿಳಿದಿರಲಿಲ್ಲ. ನಾಲ್ವರೂ ಬಾಯಿ ತೆರೆದು ನಿಂತಿದ್ದೆವು. ಆ ಹಸಿರಿನ ನಡುವೆ ಗೌಡ್ತಿ ಉಬ್ಬಿದ ಹೊಟ್ಟೆ ಹೊತ್ತು ನಿಧಾನವಾಗಿ ಒಂದು ಸುತ್ತು ತಿರುಗಿದಳು. ಹಂಚಿನ ಪಕ್ಕದಲ್ಲಿ ಬಳೆ ಮಿನುಗಿತು.

"ನೋಡ್ರಿ," ಎಂದಳು ಆಯಿ, ದನಿ ತಗ್ಗಿಸಿ. "ಹಸಿರು ಸೀರಿ ಉಟ್ಟಾಳ."

ನಾನು ಹಳದಿ ಹಾಳೆ ಹಿಡಿದು, ನಗುತ್ತ, ಅಳುತ್ತ ಚಿತ್ರ ತೆಗೆದೆ. ಒಂದೂ ಸ್ಪಷ್ಟವಾಗಿ ಬರಲಿಲ್ಲ.

ಚೆಲುವಿಗೆ ಮರುಳಾಗಿ ನಿಂತರೆ ಹವಳ ಉಳಿಯುತ್ತದೆಯೇ? ಕಾಕಾನೇ ಮೊದಲು ಎಚ್ಚೆತ್ತರು. ಸ್ವಲ್ಪ ಸ್ವಲ್ಪವಾಗಿ ನೀರು ಬದಲಾಯಿಸಬೇಕು. ಅದಕ್ಕೆ ಹೊಸ ಸಮುದ್ರ ಬೇಕು. ಅಂಗಡಿಯ ಡ್ರಮ್ಮುಗಳೆಲ್ಲ ಅಂಗಳಕ್ಕೆ ಬಂದವು. ಸೋಸಿದ ನೀರಿಗೆ ಕಡಲಿನ ಉಪ್ಪು ಸುರಿದು ನಾವೆಲ್ಲ ಬಡಿಗೆಯಿಂದ ಕಲಕುತ್ತಿದ್ದಾಗ ಕಟಕೋಳದ ನಮ್ಮ ಮಾವ, ಅಂದರೆ ಕಾಕುವಿನ ಅಣ್ಣ, ಡ್ರಿಪ್ಪಿನ ಪೈಪು ಒಯ್ಯಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. ಅವರ ಹೊಲದ ಒಂದು ಮಗ್ಗುಲು ಕಾಲುವೆ ನೀರಿನಿಂದ ಸವಳಾಗಿ ಬೆಳ್ಳಗೆ ಉಪ್ಪು ಉಗುಳುತ್ತದೆ.

"ಏನ್ರೀ ಬೀಗ್ರ, ನೀರಿಗೆ ಉಪ್ಪು ಕಲಸಾಕತ್ತೀರಿ? ನನಗ ಒಂದ ಮಾತು ಹೇಳಿದ್ರ ನಮ್ಮ ಹೊಲಾನಽ ತಂದ ಕೊಡ್ತಿದ್ನೆಲ್ಲರಿ!"

"ನಿಮ್ಮ ಉಪ್ಪು ನಮ್ಮ ಹವಳಕ್ಕ ಆಗೂದಿಲ್ರಿ, ಮಾವ," ಎಂದರು ಕಾಕಾ, ಬೆವರು ಒರೆಸುತ್ತ.

"ನನ್ನ ಜ್ವಾಳಕ್ಕೂ ಆಗೂದಿಲ್ಲ ಅದು," ಎಂದು ಮಾವ ಧೋತರ ಎತ್ತಿ ಕಟ್ಟಿ, ಬಡಿಗೆ ಕಸಿದುಕೊಂಡು ಕಲಕಲು ನಿಂತರು.

ನೀರು ದಿನದಿಂದ ದಿನಕ್ಕೆ ತಿಳಿಯಾಯಿತು. ಕಾಲುಚೀಲದ ಇದ್ದಿಲು ಹಳದಿಯನ್ನೆಲ್ಲ ಕುಡಿಯಿತು. ಹವಳ ಮಾತ್ರ ಅರಳಲಿಲ್ಲ. ಕಾಕಾ ಅಂಗಡಿಗೆ ಹೋಗಲಿಲ್ಲ, ಗಿರಾಕಿಗಳೇ ಪಡಸಾಲೆಗೆ ಬಂದು ತೊಟ್ಟಿಯ ಮುಂದೆ ಕುಳಿತು ಪಂಪಿನ ರಿಪೇರಿ ಹೇಳಿಸಿಕೊಂಡು ಹೋದರು. ಆಯಿ ಮಂಚವನ್ನು ತೊಟ್ಟಿಗೆ ಹತ್ತಿರ ಎಳೆಸಿಕೊಂಡಳು. ಅವಳ ಕಣ್ಣು ಮುದುಡಿದ ಹವಳಗಳ ಮೇಲೆಯೇ ಇತ್ತು. ಒಮ್ಮೆ ನನಗಷ್ಟೇ ಕೇಳುವಂತೆ, "ಏನರ ಆದ್ರ ನನ್ನ ಮ್ಯಾಲೆ ಬರೀ. ಅವನ ಹೆಸರು ತರಬ್ಯಾಡ," ಎಂದಳು.

ಆ ಹೊತ್ತು ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹೋದದ್ದು ಬಹಳ ದೂರವೇನಲ್ಲ. ದೊಡ್ಡ ಸಮುದ್ರದ ಕಡೆಗೆ ಹೋಯಿತು. ಅಲ್ಲಿಯೂ ಹವಳ ಸಾಯುತ್ತಿದೆ, ಯಾರೋ ಹಾಕಿದ ಉರಿಗೆ. ಅಲ್ಲಿಯೂ ಪರಿಶೀಲನೆ ನಡೆದೇ ಇದೆ, ತಾಂತ್ರಿಕ ತೊಂದರೆ ಇದ್ದೇ ಇದೆ. ಇಲ್ಲದಿರುವುದು ಒಂದೇ: ಬತ್ತಿ ಹೊಸೆಯುತ್ತ, ತಲೆಯೆತ್ತದೆ, "ನಾನಽ ಹಾಕೇನಿ, ಮುಂದ ಕೇಳು" ಎನ್ನುವ ಒಬ್ಬ ಆಯಿ.

ಮೊದಲು ಅರಳಿದ್ದು ಗುಂಡಿಯಷ್ಟು ಚಿಕ್ಕದೊಂದು ಹಸಿರು ಹವಳ, ಬಳೆಯ ಪಕ್ಕದಲ್ಲೇ. ಕಾಕು ಅದನ್ನು ಕಂಡು ಕೂಗಿದ ಕೂಗಿಗೆ ಅಂಗಡಿಯ ಗಿರಾಕಿಗಳೂ ಓಡಿಬಂದರು. ಆಮೇಲೆ ಒಂದೊಂದೇ, ಆಮೇಲೆ ಹತ್ತು ಹತ್ತು, ಪಂಕ್ತಿಯಲ್ಲಿ ಎಲೆ ಹಾಸಿದಂತೆ ಬಂಡೆಯುದ್ದಕ್ಕೂ ತೆರೆದುಕೊಂಡವು. ಕಾಕಾ ಮಾವನ ಹೆಗಲಿಗೆ ಕೈಹಾಕಿ ಕುಣಿದರು. ಆಯಿ ಭಂಡಾರದ ಚೀಲಕ್ಕೆ ಕೈ ಹಾಕಿದಳು, ನಾವೆಲ್ಲ ಒಂದೇ ಉಸಿರಿನಲ್ಲಿ "ಬ್ಯಾಡಽ!" ಎಂದು ಚೀರಿದೆವು. ಅವಳು ಅದನ್ನು ನಮ್ಮ ಹಣೆಗೆ ಹಚ್ಚಿದಳು.

ಗೌಡ್ತಿ ಹಂಚಿನ ಮೇಲೆ ತತ್ತಿ ಇಟ್ಟಳು. ಇಟ್ಟು, ದರ್ಬಾರಿಗೆ ಹೊರಟುಹೋದಳು. ಕಾವಲಿಗೆ ಕುಳಿತು ರೆಕ್ಕೆಯಿಂದ ಗಾಳಿ ಬೀಸಿದ್ದು ಬಡಪಾಯಿ. "ಗೊತ್ತಿದ್ರ ಇವಂಗೂ ಒಂದು ಬಳಿ ಇಡಸ್ತಿದ್ದೆ," ಎಂದು ಆಯಿ ಹಳಹಳಿಸಿದಳು.

ಕಿತ್ತಳೆಯಿದ್ದ ತತ್ತಿಗಳು ಬರಬರುತ್ತ ಕಪ್ಪಾದವು. ಒಂದು ಸಂಜೆ ಚಂದ್ರಕಾಳಿ ಸೀರೆ ಹೊದ್ದು, ಹಳದಿ ಹಾಳೆ ಹಿಡಿದು, ಗಾಜಿಗೆ ಲೆನ್ಸು ತಾಗಿಸಿ, ಅವುಗಳ ತೀರ ಸಮೀಪದ ಚಿತ್ರವೊಂದನ್ನು ತೆಗೆದೆ. ತೆರೆಯ ಮೇಲೆ ಅದನ್ನು ಹಿಗ್ಗಿಸಿ ನೋಡಿದವಳು ಕೂಗಿಕೊಂಡೆ. ಪ್ರತಿ ತತ್ತಿಯೊಳಗೂ ಎರಡು ಬೆಳ್ಳಿಯ ಕಣ್ಣು! ಹಂಚಿನ ತುಂಬ ಕಣ್ಣು, ಅಷ್ಟೂ ತೆರೆದ ಕಣ್ಣು, ರೆಪ್ಪೆಯಿಲ್ಲದ ಕಣ್ಣು, ನನ್ನನ್ನೇ ನೋಡುತ್ತಿದ್ದ ಕಣ್ಣು.

ಆಯಿ ಕನ್ನಡಕ ಏರಿಸಿ ಚಿತ್ರದ ಮೇಲೆ ಬಾಗಿದಳು. ನಗುವಿಗೆ ಅವಳ ಹೊಟ್ಟೆ ಕುಲುಕತೊಡಗಿತು.

"ಏ ಹುಡುಗಿ, ಇವು ನಿನ್ನ ಬಳಗಾನಽ. ಇನ್ನ ತತ್ತಿ ಒಡದು ಹೊರಗ ಬಂದಿಲ್ಲ, ಆಗಲೇ ಚೌಕಶಿ ಸುರು ಮಾಡ್ಯಾವ. ಹುಟ್ಟಿ ಬರೂ ಜಗತ್ತಿನ ನೀರು ಹಿಂಗ್ಯಾಕ ಆತು, ಯಾರು ಹೊಣಿ, ಅಂತ ಕೇಳಾಕತ್ತಾವ. ಹೇಳು ಈಗ, ಏನ್ ಹೇಳ್ತಿ?"

ನಾನು ಹಳದಿ ಹಾಳೆಯನ್ನು ಸರಿಸಿದೆ. ಸೀರೆಯನ್ನು ತಲೆಯಿಂದ ಹಿಂದಕ್ಕೆ ಜಾರಿಸಿದೆ. ಗಾಜಿಗೆ ಮೂಗು ಹಚ್ಚಿ, ನೀಲಿ ಬೆಳಕಿನಲ್ಲಿ ಮಿನುಗುತ್ತಿದ್ದ ಆ ಸಣ್ಣ ಸಣ್ಣ ಕಣ್ಣುಗಳಿಗೆ, ನನಗೆ ಗೊತ್ತಿದ್ದ ಒಂದೇ ಒಂದು ಮರ್ಯಾದೆಯ ಉತ್ತರವನ್ನು ಹೇಳಿದೆ.

"ನಾನಽ. ಮುಂದ ಕೇಳ್ರಿ."